ಲೇಪ ಕಿತ್ತ ಕತ್ತಿಯ ಅಲಗು ಮತ್ತು ಮಲೆನಾಡಿನ ಮಳೆಗಾಲ: ತುಕ್ಕಿನ ಬಗ್ಗೆ ಸಲಹೆ ಬೇಕು

ತೀರ್ಥಹಳ್ಳಿ ತೋಟಿಗ · ಮೇ 18

ಎಲ್ಲರಿಗೂ ನಮಸ್ಕಾರ. ಎರಡು ವರ್ಷಗಳ ಹಿಂದೆ ಅಮೆರಿಕದಿಂದ ಬಂದ ಭಾವ ನನಗೊಂದು ಕತ್ತಿ ತಂದುಕೊಟ್ಟಿದ್ದರು. ಅಲಗು ಗೇಣಿಗಿಂತ ತುಸು ಚಿಕ್ಕದು, ಹಿಡಿಯ ಹತ್ತಿರ 1095 ಎಂಬ ಅಂಕಿಯನ್ನು ಕೊರೆದಿದ್ದಾರೆ, ಬಾಯಿಯೊಂದನ್ನು ಬಿಟ್ಟು ಉಳಿದ ಮೈಗೆಲ್ಲ ಎಮರಿ ಕಾಗದದ ಹಾಗೆ ತರಿತರಿಯಾದ ಕಪ್ಪು ಲೇಪವಿದೆ. ತೋಟದಲ್ಲಿ ಬಾಳೆ ಕಡಿಯಲು, ಬೇಲಿಯ ಗೂಟ ಚೂಪು ಮಾಡಲು ಇದನ್ನೇ ಬಳಸುತ್ತಿದ್ದೇನೆ.

ಈಚೆಗೆ ಲೇಪ ಅಲ್ಲಲ್ಲಿ ಎದ್ದಿದೆ. ಮೊನ್ನೆ ಗುಳ್ಳೆಯಂತೆ ಉಬ್ಬಿದ್ದ ಒಂದು ಜಾಗವನ್ನು ಉಗುರಿನಿಂದ ಕೆರೆದಾಗ ಹುಣಸೆಬೀಜದಷ್ಟು ಅಗಲದ ಚಕ್ಕೆ ಹಾಗೆಯೇ ಕಿತ್ತುಬಂತು. ಅಡಿಯಲ್ಲಿ ಕಾವಿಬಣ್ಣದ ಪುಡಿ, ಅದನ್ನು ಒರೆಸಿದರೆ ಸೂಜಿಮೊನೆಯಿಂದ ಚುಚ್ಚಿದಂತಹ ಕುಳಿಗಳು. ಬಣ್ಣವಿಲ್ಲದ ಬಾಯಿ ಮಾತ್ರ ಈಗಲೂ ಹೊಳೆಯುತ್ತಿದೆ ಎಂಬುದು ನನಗೆ ಸೋಜಿಗ. ಲೇಪವನ್ನು ಪೂರ್ತಿ ತೆಗೆದುಬಿಡಬೇಕೆ, ತೆಗೆಯುವುದಾದರೆ ಹೇಗೆ, ತೆಗೆದ ಮೇಲೆ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯಲ್ಲಿ ಅದನ್ನು ಉಳಿಸಿಕೊಳ್ಳುವುದು ಹೇಗೆ?

ರಸಾಯನದ ಮೇಷ್ಟ್ರು · ಮೇ 19

ಸೋಜಿಗವೇನೂ ಇಲ್ಲ. ಆ ಲೇಪ ನಿಮ್ಮ ಕತ್ತಿಯ ದುಡಿಯುವ ಭಾಗವನ್ನು ಎಂದೂ ಕಾಯುತ್ತಿರಲಿಲ್ಲ. ಬಾಯಿ ಕಾರ್ಖಾನೆಯಿಂದ ಹೊರಬಿದ್ದ ದಿನದಿಂದ ಬತ್ತಲೆಯಾಗಿಯೇ ಇದೆ, ಅದನ್ನು ಇಷ್ಟು ದಿನ ಉಳಿಸಿದ್ದು ನಿಮ್ಮ ಒರೆಸುವಿಕೆ ಮತ್ತು ಮಸೆಯುವಿಕೆ. ಲೇಪವಿರುವ ಮೈಯನ್ನು ಯಾರೂ ಒರೆಸುವುದಿಲ್ಲ, ಒರೆಸಿದರೂ ಬಟ್ಟೆ ಉಕ್ಕನ್ನು ತಲುಪುವುದಿಲ್ಲ. ಒಂದು ಗೀರಿನ ಮೂಲಕ ಒಳಗೆ ಸೇರಿದ ನೀರು, ಬೆವರಿನ ಉಪ್ಪು ಮತ್ತು ಬಾಳೆಯ ಸೊನೆ ಅಲ್ಲೇ ಉಳಿದು ಕೆಲಸ ಮಾಡುತ್ತವೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಲೇಪವನ್ನು ಒಳಗಿನಿಂದ ಎತ್ತುತ್ತದೆ, ಎತ್ತಿದಷ್ಟೂ ನೀರಿಗೆ ದಾರಿಯಾಗುತ್ತದೆ.

1095 ಎಂದರೆ ಹೆಚ್ಚುಕಡಿಮೆ ಶೇ. 0.95 ಇಂಗಾಲವಿರುವ ಸಾದಾ ಉಕ್ಕು. ಸ್ಟೇನ್‌ಲೆಸ್ ಎನ್ನಿಸಿಕೊಳ್ಳಲು ಕನಿಷ್ಠ ಶೇ. 10.5ರಷ್ಟು ಕ್ರೋಮಿಯಂ ಬೇಕು, ಇದರಲ್ಲಿ ಅದು ಇಲ್ಲವೆಂದೇ ಲೆಕ್ಕ. ಆದ್ದರಿಂದ ಲೇಪ ತೆಗೆಯುವುದು ತಪ್ಪಲ್ಲ, ಆದರೆ ತೆಗೆದ ಮೇಲೆ ಮೈಯನ್ನೂ ಬಾಯಿಯಂತೆಯೇ ನೋಡಿಕೊಳ್ಳುವ ಮನಸ್ಸಿರಬೇಕು.

ಮೊದಲು ಲೇಪ ಯಾವುದೆಂದು ಗೊತ್ತುಮಾಡಿಕೊಳ್ಳಿ. ಉಗುರುಬಣ್ಣ ತೆಗೆಯುವ ಅಸಿಟೋನನ್ನು ಹತ್ತಿಗೆ ಹಚ್ಚಿ ತಿಕ್ಕಿದಾಗ ಕರಗಿ ಅಂಟಂಟಾದರೆ ಅದು ಲ್ಯಾಕರ್. ಬ್ರೆಜಿಲ್‌ನಿಂದ ಬರುವ ಮಚ್ಚುಗಳ ಮೇಲೆ ಇಂತಹ ತೆಳುಪದರ ಇರುವುದುಂಟು, ಅದಕ್ಕೆ ಅಸಿಟೋನ್ ಒಂದೇ ಸಾಕು. ನಿಂಬೆರಸದ ಹನಿ ಕೆಲವು ನಿಮಿಷ ಕುಳಿತ ಜಾಗದಲ್ಲಿ ಕಪ್ಪು ಮಾಸಿ ಬೂದುಬಣ್ಣದ ಉಕ್ಕು ಕಂಡರೆ ಅದು ಬ್ಲ್ಯಾಕ್ ಆಕ್ಸೈಡ್, ಅಂದರೆ ಉಕ್ಕಿನ ಮೇಲ್ಮೈಯನ್ನೇ ಮ್ಯಾಗ್ನಟೈಟ್ (ಕಬ್ಬಿಣದ ಕಪ್ಪು ಆಕ್ಸೈಡ್) ಆಗಿಸಿದ ತೀರ ತೆಳುವಾದ ಪದರ. ಎರಡಕ್ಕೂ ಜಗ್ಗದೆ ನುಣುಪಾಗಿ, ಗಾಜಿನಂತೆ ಗಟ್ಟಿಯಾಗಿದ್ದರೆ ಟೈಟೇನಿಯಂ ನೈಟ್ರೈಡ್ ಅಥವಾ ವಜ್ರಸದೃಶ ಇಂಗಾಲದ ಪದರವಿರಬಹುದು, ಅದರ ದಪ್ಪ ಕೆಲವೇ ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಪಾಲು ಒಂದು ಮೈಕ್ರಾನ್), ಮನೆಯಲ್ಲಿ ಅದನ್ನು ಕೀಳುವ ಯೋಚನೆ ಬಿಡುವುದು ಒಳ್ಳೆಯದು. ನೀವು ಹೇಳುವ ತರಿತರಿ ಮೈ, ಚಕ್ಕೆಯಾಗಿ ಏಳುವ ಗುಣ ಇವೆರಡನ್ನೂ ನೋಡಿದರೆ ಇದು ಕಿಟಕಿಯ ಚೌಕಟ್ಟುಗಳಿಗೆ ಹೊಡೆಯುವಂತಹ ಪೌಡರ್ ಕೋಟಿಂಗ್. ಸಾಮಾನ್ಯವಾಗಿ 60ರಿಂದ 100 ಮೈಕ್ರಾನ್ ದಪ್ಪವಿದ್ದು, ಒಲೆಯಲ್ಲಿ ಬೇಯಿಸಿ ಗಟ್ಟಿಮಾಡಿದ್ದರಿಂದ ಅಸಿಟೋನ್‌ಗೆ ಸುಲಭವಾಗಿ ಬಗ್ಗುವುದಿಲ್ಲ.

ಇದಕ್ಕೆ ಲೋಳೆಯಂತಿರುವ ಪೇಂಟ್ ರಿಮೂವರ್ ಬೇಕು. ಹಿಡಿಯ ಎರಡೂ ಬದಿಯ ಚಕ್ಕೆಗಳನ್ನು ಮೊದಲು ಬಿಚ್ಚಿಡಿ, ಇಲ್ಲವಾದರೆ ಲೇಪದ ಜೊತೆ ಹಿಡಿಯ ಪ್ಲಾಸ್ಟಿಕ್ಕೂ ಕರಗೀತು. ದಪ್ಪಗೆ ಬಳಿದು, ಒಣಗದಂತೆ ಪಾಲಿಥೀನ್ ಹಾಳೆಯಲ್ಲಿ ಸುತ್ತಿ, ಅರ್ಧ ಗಂಟೆ ಬಿಟ್ಟು ನೋಡಿದರೆ ಲೇಪ ಕಾದ ಹಾಲಿನ ಕೆನೆಯಂತೆ ಸುಕ್ಕುಗಟ್ಟಿರುತ್ತದೆ. ಬಿದಿರಿನ ಸೀಳಿನಿಂದ ಕೆರೆದು ತೆಗೆಯಿರಿ, ಒಮ್ಮೆಗೆ ಆಗದಿದ್ದರೆ ಮತ್ತೊಮ್ಮೆ ಬಳಿಯಿರಿ.

ಒಂದು ಎಚ್ಚರಿಕೆಯನ್ನು ಮಾತ್ರ ಕಡೆಗಣಿಸಬೇಡಿ. ಡಬ್ಬಿಯ ಮೇಲೆ ಮೆಥಿಲೀನ್ ಕ್ಲೋರೈಡ್ ಎಂದಿದ್ದರೆ ಅದನ್ನು ಬಚ್ಚಲಿನಲ್ಲಾಗಲಿ ಮುಚ್ಚಿದ ಕೊಟ್ಟಿಗೆಯಲ್ಲಾಗಲಿ ಬಳಸಲೇಬಾರದು. ಅದರ ಆವಿ ಗಾಳಿಗಿಂತ ಭಾರ, ಕೆಳಗೆ ತಂಗುತ್ತದೆ, ಒಳಗೆ ಎಳೆದುಕೊಂಡರೆ ದೇಹದಲ್ಲಿ ಕಾರ್ಬನ್ ಮಾನಾಕ್ಸೈಡ್ ಆಗಿ ಮಾರ್ಪಡುತ್ತದೆ. ಮುಚ್ಚಿದ ಕೋಣೆಗಳಲ್ಲಿ ಸಾವುಗಳಾದ ಕಾರಣಕ್ಕೇ ಅಮೆರಿಕದಲ್ಲಿ 2019ರಲ್ಲಿ ಇದನ್ನು ಮನೆಬಳಕೆಯ ಬಣ್ಣ ತೆಗೆಯುವ ಸರಕಾಗಿ ಮಾರುವುದನ್ನು ನಿಷೇಧಿಸಿದರು. ಆಸ್ಪತ್ರೆಗಳಲ್ಲಿ ಬಳಸುವಂತಹ ತೆಳು ನೈಟ್ರೈಲ್ ಕೈಗವಸನ್ನು ಅದು ಬೇಗನೆ ದಾಟುತ್ತದೆ. ಅಂಗಳದಲ್ಲಿ, ಗಾಳಿಗೆ ಬೆನ್ನು ಮಾಡಿ ಕುಳಿತು ಕೆಲಸ ಮಾಡಿ.

ಹೊನ್ನಾವರದ ಕಡಲಂಚು · ಮೇ 19

ನನ್ನದು ಭಿನ್ನಮತ. ನಮ್ಮ ಮನೆಗೂ ಕಡಲಿಗೂ ಮುನ್ನೂರು ಮಾರು ದೂರವಿಲ್ಲ. ಇಲ್ಲಿ ಗಾಳಿಯಲ್ಲಿರುವ ಉಪ್ಪಿನ ಕಣಗಳು ಅಲಗಿನ ಮೇಲೆ ಕೂತು ತಾವೇ ತೇವವನ್ನು ಎಳೆದುಕೊಳ್ಳುವುದರಿಂದ, ಬೆಳಿಗ್ಗೆ ಹೊಳೆಯುತ್ತಿದ್ದ ಉಕ್ಕು ಸಂಜೆಗೆ ಕೆಂಪಾಗುವುದನ್ನು ಕಂಡಿದ್ದೇನೆ. ಕಡಲ ಬದಿಯವರು ಗಟ್ಟಿಯಾಗಿರುವ ಲೇಪವನ್ನು ಚೆಂದಕ್ಕಾಗಿ ಕೀಳಬಾರದು. ಎದ್ದಿರುವ ಜಾಗವನ್ನಷ್ಟೇ ಕೆರೆದು, ತುಕ್ಕು ತೆಗೆದು, ಎಣ್ಣೆ ಹಚ್ಚಿಕೊಂಡಿರುವುದು ಲೇಸು. ತೀರ್ಥಹಳ್ಳಿಯವರಿಗೆ ಉಪ್ಪಿನ ಕಾಟವಿಲ್ಲ, ಅವರು ತೆಗೆಯಬಹುದು.

ಲೇತ್ ಶೆಡ್ · ಮೇ 20

ಮೇಷ್ಟ್ರು ಹೇಳಿದ ಮೇಲೆ ಉಳಿದ ಕೆಲಸದ ಮಾತು ಹೇಳುತ್ತೇನೆ. ಲೇಪದಡಿಯಲ್ಲಿ ಕನ್ನಡಿಯಂತಹ ಉಕ್ಕು ಸಿಕ್ಕೀತೆಂದು ಆಸೆಪಡಬೇಡಿ. ಹೇಗೂ ಬಣ್ಣ ಮುಚ್ಚುತ್ತದೆಂದು ಹಲವು ತಯಾರಕರು ಅಲಗಿನ ಮೈಯನ್ನು ನಯ ಮಾಡುವುದೇ ಇಲ್ಲ. ಒಳಗೆ ಉರುಳೆಯ ಗೆರೆಗಳು, ಹದ ಮಾಡಿದಾಗಿನ ಕಪ್ಪು ಸಿಪ್ಪೆ, ಇಂಗಾಲ ಕಳೆದುಕೊಂಡ ತೆಳುವಾದ ಮೆತ್ತನೆಯ ಪದರ ಎಲ್ಲವೂ ಕಾಣಸಿಗುತ್ತವೆ. ಹಾಗೇ ಬಿಟ್ಟರೆ ಆ ಒರಟಿನ ಸಂದುಗಳಲ್ಲೇ ನೀರು ನಿಲ್ಲುತ್ತದೆ. ನುಣುಪಾದಷ್ಟೂ ತುಕ್ಕಿಗೆ ಹಿಡಿತ ಕಡಿಮೆ.

ಕೈಯಲ್ಲೇ ತಿಕ್ಕಿ. ಅಲಗನ್ನು ಹಲಗೆಯ ಮೇಲಿಟ್ಟು, ಬಾಯಿ ಹಲಗೆಯ ಅಂಚಿನಿಂದ ಹೊರಕ್ಕೆ ಚಾಚದಂತೆ ಬಿಗಿದು, ಎಮರಿ ಕಾಗದವನ್ನು ಮರದ ತುಂಡಿಗೆ ಸುತ್ತಿಕೊಂಡು 220ರಿಂದ ಶುರುಮಾಡಿ 400, 600 ಎಂದು ಮೇಲೇರಿ, ಅಂಕಿ ಹೆಚ್ಚಿದಷ್ಟೂ ಕಾಗದ ನವಿರು. ಒಂದು ಹಂತದಲ್ಲಿ ಉದ್ದಕ್ಕೆ ತಿಕ್ಕಿದರೆ ಮುಂದಿನದರಲ್ಲಿ ಓರೆಯಾಗಿ ತಿಕ್ಕಿ, ಹಿಂದಿನ ಗೆರೆಗಳು ಪೂರ್ತಿ ಅಳಿದವೇ ಎಂಬುದು ಆಗ ಕಣ್ಣಿಗೆ ಬೀಳುತ್ತದೆ. ಅಲಗಿನ ಬೆನ್ನಿನಿಂದ ಬಾಯಿಯ ಕಡೆಗೆ ಕೈ ಹೋಗಬೇಕೇ ಹೊರತು ಬಾಯಿಗೆ ಎದುರಾಗಿ ಎಂದೂ ಬರಬಾರದು. ಕುಳಿಗಳನ್ನೆಲ್ಲ ಅಳಿಸಬೇಕೆಂಬ ಹಟ ಬೇಡ, ಅಷ್ಟು ಉಕ್ಕು ತೆಗೆದರೆ ಅಲಗೇ ತೆಳ್ಳಗಾಗುತ್ತದೆ. ಕುಳಿಯೊಳಗಿನ ಕಾವಿಪುಡಿಯನ್ನು ಹಿತ್ತಾಳೆ ತಂತಿಯ ಬ್ರಷ್‌ನಿಂದ ತೆಗೆದರೆ ಸಾಕು.

ಗ್ರೈಂಡರ್ ಬೇಡ, ಬ್ಲೋ ಲ್ಯಾಂಪ್ ಬೇಡ. ಈ ಬಗೆಯ ಅಲಗುಗಳನ್ನು ಹದ ಇಳಿಸುವುದು, ಅಂದರೆ ಗಡಸಾಗಿಸಿದ ಮೇಲೆ ಪೆಡಸು ತಗ್ಗಲೆಂದು ಮತ್ತೆ ಹಗುರಾಗಿ ಕಾಯಿಸುವುದು, ಸುಮಾರು 200 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ. ಅದನ್ನು ಮೀರಿ ಬಿಸಿಯಾದರೆ ಕುಲುಮೆಯಲ್ಲಿ ಮಾಡಿದ ಕೆಲಸವೆಲ್ಲ ನೀರುಪಾಲು.

ತೀರ್ಥಹಳ್ಳಿ ತೋಟಿಗ · ಮೇ 24

ಲೇತ್ ಶೆಡ್ ಅವರ ಮಾತನ್ನು ನಾಲ್ಕು ದಿನ ತಡವಾಗಿ ಓದಿದ್ದೇ ನನ್ನ ಗ್ರಹಚಾರ. ಪೇಂಟ್ ರಿಮೂವರ್ ಹುಡುಕುವ ಸೋಮಾರಿತನದಿಂದ ಪೇಟೆಯ ವರ್ಕ್‌ಶಾಪ್ ಒಂದಕ್ಕೆ ಕೊಟ್ಟೆ. ಹುಡುಗ ಗ್ರೈಂಡರಿಗೆ ಫ್ಲ್ಯಾಪ್ ಚಕ್ರ ಹಾಕಿ ಹತ್ತೇ ನಿಮಿಷದಲ್ಲಿ ಲೇಪವನ್ನು ಹಾರಿಸಿದ. ಮೈ ಬೆಳ್ಳಗಾಗಿದೆ ನಿಜ, ಆದರೆ ತುದಿಯ ಒಂದು ಹೆಬ್ಬೆಟ್ಟಿನುಗುರಿನಷ್ಟು ಜಾಗ ನವಿಲಿನ ಕತ್ತಿನ ಬಣ್ಣಕ್ಕೆ ತಿರುಗಿದೆ. ಅದರ ಹಿಂದೆ ನೇರಳೆ, ಅದರ ಹಿಂದೆ ಒಣಹುಲ್ಲಿನ ಹಳದಿ. ನೋಡಲು ಚೆಂದವಿದೆ, ಹೊಟ್ಟೆ ಉರಿಯುತ್ತಿದೆ. ಎಮರಿ ಕಾಗದದಿಂದ ತಿಕ್ಕಿದಾಗ ನೀಲಿ ಹೋಯಿತು. ಬಣ್ಣದ ಜೊತೆ ತೊಂದರೆಯೂ ಹೋಯಿತೆಂದು ತಿಳಿಯಬಹುದೆ?

ಲೇತ್ ಶೆಡ್ · ಮೇ 24

ತಿಳಿಯುವಂತಿಲ್ಲ. ಆ ಬಣ್ಣ ಉಕ್ಕು ಎಷ್ಟು ಬಿಸಿಯಾಯಿತು ಎಂಬುದರ ಗುರುತಷ್ಟೇ. ಹುಲ್ಲಿನ ಹಳದಿ ಇನ್ನೂರು ಡಿಗ್ರಿ ದಾಟಿದ ಸೂಚನೆ, ನೀಲಿ ಎಂದರೆ ಮುನ್ನೂರರ ಹತ್ತಿರ. ಬಣ್ಣವನ್ನು ತಿಕ್ಕಿ ತೆಗೆದರೂ ಒಳಗಿನ ಹದ ಮರಳಿ ಬರುವುದಿಲ್ಲ. ಒಂದು ಹೊಸ ಅರವನ್ನು ಮೊದಲು ಅಲಗಿನ ನಡುವೆ, ಆಮೇಲೆ ತುದಿಯಲ್ಲಿ ಹಗುರಾಗಿ ಎಳೆದು ನೋಡಿ. ಹದವಿರುವಲ್ಲಿ ಅರ ಗಾಜಿನ ಮೇಲೆ ಜಾರಿದಂತೆ ಜಾರುತ್ತದೆ, ಮೆತ್ತಗಾದಲ್ಲಿ ಕಚ್ಚಿ ಪುಡಿ ಉದುರಿಸುತ್ತದೆ. ಉದುರಿದರೆ ಎರಡೇ ದಾರಿ: ತುದಿ ಬೇಗ ಮೊಂಡಾಗುತ್ತದೆಂದು ಒಪ್ಪಿಕೊಂಡು ಬಳಸುವುದು, ಇಲ್ಲವೇ ಕಾಲಕ್ರಮೇಣ ಮಸೆಯುತ್ತ ಮಸೆಯುತ್ತ ಆ ಭಾಗವನ್ನು ಸವೆಸಿಬಿಡುವುದು. ಬಾಳೆ ಕಡಿಯುವವರಿಗೆ ತುದಿಯ ಗೊಡವೆ ಅಷ್ಟಾಗಿ ಇಲ್ಲ. ಮೊದಲನೆಯದೇ ಸಾಕು.

ಮಡಿಕೇರಿ ಮೆಣಸು · ಮೇ 27

ಇದೇ ಎಳೆಯಲ್ಲಿ ನನ್ನದೂ ಒಂದು ಪ್ರಶ್ನೆ. ಸೆಪ್ಟೆಂಬರ್‌ನಲ್ಲಿ ಬರುವ ಕೊಡವರ ಆಯುಧಪೂಜೆಯ ಹಬ್ಬ ಕೈಲ್ ಪೊಳ್ದ್‌ಗೆ ಮನೆಯ ಆಯುಧಗಳನ್ನೆಲ್ಲ ತೆಗೆದು ಶುಚಿಮಾಡುವ ವಾಡಿಕೆ ನಮ್ಮಲ್ಲಿದೆ. ಐನ್‌ಮನೆಯ (ಕುಲದ ಮೂಲಮನೆಯ) ಹಳೆಯ ಒಡಿಕತ್ತಿಯೊಂದಕ್ಕೆ, ಅಂದರೆ ಅಗಲ ಅಲಗಿನ ಕೊಡವ ಕತ್ತಿಗೆ, ಹಿಂದೆ ಯಾರೋ ತುಕ್ಕು ಹಿಡಿಯದಿರಲೆಂದು ಗೇಟಿಗೆ ಹೊಡೆಯುವ ಅಲ್ಯೂಮಿನಿಯಂ ಬಣ್ಣ ಬಳಿದಿದ್ದಾರೆ. ಈ ಸಲ ಅದನ್ನು ತೆಗೆಯಬೇಕೆಂದಿದ್ದೇನೆ. ತೋಟಿಗರಿಗೆ ಹೇಳಿದ ಕ್ರಮವನ್ನೇ ಅನುಸರಿಸಲೆ?

ರಸಾಯನದ ಮೇಷ್ಟ್ರು · ಮೇ 27

ಅರ್ಧವನ್ನು ಮಾತ್ರ. ಬಣ್ಣ ತೆಗೆಯುವವರೆಗೆ ಸರಿ, ಎಮರಿ ಕಾಗದವನ್ನು ದೂರವಿಡಿ. ಅಂತಹ ಕತ್ತಿಯ ಮೈಮೇಲೆ ಕಮ್ಮಾರನ ಸುತ್ತಿಗೆಯ ಗುರುತು, ಹಳೆಯ ಸಾಣೆಯ ಗೆರೆ, ಎಷ್ಟೋ ದಶಕಗಳ ಕಪ್ಪು ಎಲ್ಲವೂ ಇರುತ್ತವೆ, 220ರ ಕಾಗದಕ್ಕೆ ಅವನ್ನೆಲ್ಲ ಅಳಿಸಲು ಒಂದು ಮಧ್ಯಾಹ್ನ ಸಾಕು. ಹಿಡಿಯಲ್ಲಿ ಮರ, ಕೊಂಬು ಅಥವಾ ಬೆಳ್ಳಿಯಿದ್ದರೆ ದ್ರಾವಕ ಅಲ್ಲಿಗೆ ಇಳಿಯದಂತೆ ಅಲಗಿನ ತುದಿಯನ್ನು ಕೆಳಗೆ ಮಾಡಿ ಕೆಲಸ ಮಾಡಿ. ಹಳೆಯ ಎಣ್ಣೆಬಣ್ಣ ಪೌಡರ್ ಕೋಟಿಂಗ್‌ನಷ್ಟು ಹಟಮಾರಿಯಲ್ಲ, ರಿಮೂವರ್ ಹಚ್ಚಿದ ಸ್ವಲ್ಪ ಹೊತ್ತಿಗೆಲ್ಲ ಸಡಿಲವಾಗುತ್ತದೆ. ಹಳೆಯ ಬಣ್ಣಗಳಲ್ಲಿ ಸೀಸ ಇರುವ ಸಂಭವ ಇರುವುದರಿಂದ ಒಣಗಿಸಿ ಕೆರೆದು ಪುಡಿ ಎಬ್ಬಿಸಬೇಡಿ. ಕೆಂಪು ತುಕ್ಕು ಕಂಡಲ್ಲಿ ಎಣ್ಣೆಯಲ್ಲಿ ಅದ್ದಿದ ಅತಿ ನವಿರಾದ ಉಕ್ಕಿನ ನಾರಿನಿಂದ ಮೆತ್ತಗೆ ಉಜ್ಜಿ, ಕಪ್ಪನ್ನು ಹಾಗೆಯೇ ಬಿಡಿ.

ಶಿರಸಿಯ ಈಳಿಗೆಮಣೆ · ಜೂನ್ 2

ಕಪ್ಪನ್ನು ಬಿಡಿ ಎಂದು ಮೇಷ್ಟ್ರು ಹೇಳಿದ್ದು ಓದಿ ಸಮಾಧಾನವಾಯಿತು. ನಮ್ಮ ಅತ್ತೆಯ ಕಾಲದ ಈಳಿಗೆಮಣೆಯ ಅಲಗು ಕಾಡಿಗೆಯಂತೆ ಕಪ್ಪಾಗಿದೆ. ಮಾವಿನಕಾಯಿ, ಬಾಳೆದಿಂಡು, ಬಾಳೆಕಾಯಿ ಹೆಚ್ಚಿ ಹೆಚ್ಚಿ ಬಂದ ಬಣ್ಣ ಅದು, ಮೈಯೆಲ್ಲ ಕಪ್ಪು, ಬಾಯಿಯ ಗೆರೆಯೊಂದು ಮಾತ್ರ ಬಿಳಿ. ಅಡಿಕೆ ಸುಲಿಯುವ ಮೆಟ್ಟುಗತ್ತಿಯದೂ ಅದೇ ಕಥೆ. ಹೊಸದಾಗಿ ಮನೆಗೆ ಬಂದ ಕೆಲಸದವಳು ಅದನ್ನು ತುಕ್ಕೆಂದು ತಿಳಿದು ಹುಣಸೆಹಣ್ಣು, ಉಪ್ಪು ಹಾಕಿ ಬೆಳಗಿ, ಹೊಳಪಿಸಿ ಇಟ್ಟಳು. ಮರುದಿನ ಬೆಳಿಗ್ಗೆ ಅಲಗಿನ ತುಂಬ ಕೆಂಪು ಚುಕ್ಕೆ! ಕಪ್ಪು ಇದ್ದಾಗ ಒಂದು ರಾತ್ರಿ ಒದ್ದೆ ಉಳಿದರೂ ಹಾಗಾಗುತ್ತಿರಲಿಲ್ಲ.

ರಸಾಯನದ ಮೇಷ್ಟ್ರು · ಜೂನ್ 2

ಇದಕ್ಕಿಂತ ಒಳ್ಳೆಯ ಉದಾಹರಣೆ ನನ್ನ ಬಳಿ ಇರಲಿಲ್ಲ. ಅಡಿಕೆ, ಬಾಳೆ, ಮಾವಿನಕಾಯಿ ಇವುಗಳ ಒಗರಿಗೆ ಕಾರಣವಾದ ಟ್ಯಾನಿನ್ ಕಬ್ಬಿಣದೊಡನೆ ಸೇರಿ ನೀಲಿಗಪ್ಪಾದ ಸಂಯುಕ್ತವಾಗುತ್ತದೆ. ಅಳಲೆಕಾಯಿ ಮತ್ತು ಕಬ್ಬಿಣ ಸೇರಿಸಿ ಮಸಿ ಮಾಡುತ್ತಿದ್ದುದೂ ಇದೇ ಗುಣದಿಂದ. ಕೆಂಪು ತುಕ್ಕು ಸಡಿಲ, ರಂಧ್ರಮಯ, ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಈ ಕಪ್ಪು ಉಕ್ಕಿಗೆ ಅಂಟಿ ಕೂರುತ್ತದೆ. ಇನ್ನು ಹುಣಸೆಯ ಜೊತೆ ಉಪ್ಪು ಸೇರಿದ್ದು ಗಾಯಕ್ಕೆ ಖಾರ ಹಾಕಿದಂತಾಯಿತು, ಉಪ್ಪಿನಲ್ಲಿರುವ ಕ್ಲೋರೈಡ್‌ನಷ್ಟು ಉಕ್ಕನ್ನು ಕೊರೆಯುವ ವಸ್ತು ಅಡುಗೆಮನೆಯಲ್ಲಿ ಇನ್ನೊಂದಿಲ್ಲ.

ತೋಟಿಗರೇ, ನಿಮ್ಮ ಬೆಳ್ಳಗಿನ ಅಲಗನ್ನೂ ಹೀಗೆ ಕಪ್ಪು ಮಾಡಿಕೊಳ್ಳಿ. ಸೋಪಿನಿಂದ ತೊಳೆದು ಜಿಡ್ಡು ಪೂರ್ತಿ ತೆಗೆಯಿರಿ, ಬೆರಳ ಗುರುತು ಉಳಿದರೂ ಅಲ್ಲಿ ಬಣ್ಣ ಹಿಡಿಯದು. ಬಿಸಿಮಾಡಿದ ವಿನಿಗರ್‌ನಲ್ಲಿ ಅದ್ದಿದ ಬಟ್ಟೆಯಿಂದ ಒರೆಸುತ್ತ ಹೋದರೆ ಕೆಲವು ನಿಮಿಷಗಳಲ್ಲಿ ಬೂದು, ಆಮೇಲೆ ಕಪ್ಪು ಕಾಣುತ್ತದೆ. ಪಾತ್ರೆಯಲ್ಲಿ ಮುಳುಗಿಸಿ ಮರೆತುಬಿಟ್ಟರೆ ಹುಳಿ ಬಾಯಿಯನ್ನೇ ತಿನ್ನುತ್ತದೆ. ಆಮೇಲೆ ಅಡುಗೆ ಸೋಡಾದ ನೀರಿನಲ್ಲಿ ತೊಳೆದು, ಒಣಗಿಸಿ, ಕೂಡಲೇ ಎಣ್ಣೆ ಹಚ್ಚಿ. ಬಂಗಾರದ ಅಂಗಡಿಗಳಲ್ಲಿ, ಬ್ಯಾಟರಿ ಕೆಲಸದಲ್ಲಿ ಬಳಸುವ ಗಟ್ಟಿ ಆಮ್ಲಗಳ ಸಹವಾಸ ಬೇಡವೇ ಬೇಡ. ಅವು ಹೊಮ್ಮಿಸುವ ಹೈಡ್ರೋಜನ್ ಹದಗೊಂಡ ಉಕ್ಕಿನೊಳಗೆ ಸೇರಿ ಅದನ್ನು ಪೆಡಸಾಗಿಸಬಲ್ಲದು.

ಕೊಡಚಾದ್ರಿ ಚಾರಣಿಗ · ಜೂನ್ 3

ನಡುವೆ ಬಾಯಿ ಹಾಕುವುದಕ್ಕೆ ಕ್ಷಮೆಯಿರಲಿ. ಕೊಡಚಾದ್ರಿಯ ಮೇಲೆ ಮೂಲ ಮೂಕಾಂಬಿಕೆಯ ಗುಡಿಯ ಮುಂದೆ ಒಂದು ಕಬ್ಬಿಣದ ಕಂಬವಿದೆ. ಪಶ್ಚಿಮಘಟ್ಟದ ಆ ಮಳೆಯಲ್ಲಿ ಯಾವ ಎಣ್ಣೆಯೂ ಇಲ್ಲದೆ ಅದು ನಿಂತಿದೆಯಲ್ಲ, ಆ ಕಬ್ಬಿಣದಲ್ಲೇ ಕತ್ತಿ ಮಾಡಿದರಾಗದೆ?

ರಸಾಯನದ ಮೇಷ್ಟ್ರು · ಜೂನ್ 3

ಮಾಡಬಹುದು, ಆದರೆ ಅದು ಬಾಳೆಯನ್ನೂ ಸರಿಯಾಗಿ ಕಡಿಯಲಾರದು. ಅಂತಹ ಕಂಬಗಳು ಇಂಗಾಲ ಬಹಳ ಕಡಿಮೆಯಿರುವ ಮೆದು ಕಬ್ಬಿಣದವು. ಇದೇ ಬಗೆಯ ದೆಹಲಿಯ ಕಬ್ಬಿಣದ ಕಂಬದ ಬಾಳಿಕೆಗೆ ಮುಖ್ಯ ಕಾರಣ ಅದರ ಕಬ್ಬಿಣದಲ್ಲಿ ಹೆಚ್ಚಾಗಿರುವ ರಂಜಕ (ಫಾಸ್ಫರಸ್) ಎಂದು ಕಾನ್ಪುರ ಐಐಟಿಯ ಆರ್. ಬಾಲಸುಬ್ರಮಣ್ಯಂ ಅವರ ಅಧ್ಯಯನ ತೋರಿಸಿತು. ನಮ್ಮ ಕತ್ತಿಗೆ ಬೇಕಾದದ್ದು ಇಂಗಾಲದ ಗಡಸುತನ, ಅದೇ ಉಕ್ಕಿನಲ್ಲಿ ರಂಜಕ ಹೆಚ್ಚಾದರೆ ಅಲಗು ಪೆಡಸಾಗಿ ಮುರಿಯುತ್ತದೆ.

ಮಿಶಿಗನ್ ಮಾವಿನಕಾಯಿ · ಜೂನ್ 6

ಎಣ್ಣೆ ಎಂದಿರಲ್ಲ, ಯಾವ ಎಣ್ಣೆ ಎಂದು ಯಾರೂ ಹೇಳಲಿಲ್ಲ. ಊರಿನ ರೂಢಿಯಂತೆ ನಾನು ಇಲ್ಲಿಯೂ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದೆ. ಇಲ್ಲಿನ ಚಳಿಗೆ ಅದು ಅಲಗಿನ ಮೇಲೆ ಹೆಪ್ಪುಗಟ್ಟಿ ತುಪ್ಪದ ಚಕ್ಕೆಯಂತೆ ಉದುರುತ್ತಿತ್ತು. ಅಗಸೆ ಎಣ್ಣೆ ಹಚ್ಚಿ ನೋಡಿದೆ, ಅದು ಒಣಗಿ ಅರಗಿನಂತಾಗಿ ಕತ್ತಿ ಒರೆಯಿಂದ ಹೊರಬರಲಿಲ್ಲ.

ಲೇತ್ ಶೆಡ್ · ಜೂನ್ 6

ಅಗಸೆ, ಸೂರ್ಯಕಾಂತಿ ಎಣ್ಣೆಗಳು ಗಾಳಿಗೆ ಗಟ್ಟಿಯಾಗುವ ಜಾತಿ, ಅಲಗಿಗೆ ಸಲ್ಲವು. ಊರಿನಲ್ಲಿರುವವರಿಗೆ ಕೊಬ್ಬರಿ ಎಣ್ಣೆ ನಡೆಯುತ್ತದೆ, ಆದರೆ ತಿಂಗಳುಗಟ್ಟಲೆ ಒರೆಸದೆ ಇಟ್ಟರೆ ಮುಗ್ಗಲು ವಾಸನೆ ಹಿಡಿಯುತ್ತದೆ. ತಿನ್ನುವ ಪದಾರ್ಥ ಹೆಚ್ಚುವ ಅಲಗಿಗೆ ಔಷಧದ ಅಂಗಡಿಯಲ್ಲಿ ಮಲಬದ್ಧತೆಗೆಂದು ಮಾರುವ ಲಿಕ್ವಿಡ್ ಪ್ಯಾರಾಫಿನ್ ಒಳ್ಳೆಯದು. ಅದು ಖನಿಜ ಎಣ್ಣೆ, ಹಳಸುವುದಿಲ್ಲ, ಒಣಗುವುದಿಲ್ಲ. ತೋಟದ ಕತ್ತಿಗೆ ಹೊಲಿಗೆಯಂತ್ರದ ಎಣ್ಣೆಯೇ ಸಾಕು. ಡಬ್ಲ್ಯುಡಿ-40 ನೀರನ್ನು ಹೊರದೂಡಲು ಮಾಡಿದ ದ್ರವ, ಒದ್ದೆ ಕತ್ತಿಯನ್ನು ಒಣಗಿಸಲು ಬಳಸಿ, ಮಳೆಗಾಲ ಕಳೆಯಲು ಅದೊಂದನ್ನೇ ನಂಬಬೇಡಿ.

ಎತ್ತಿಡುವ ಕತ್ತಿಗೆ ನಾನು ಜೇನುಮೇಣ ಬಳಸುತ್ತೇನೆ. ಒಂದು ಪಾಲು ಮೇಣಕ್ಕೆ ಮೂರು ಪಾಲು ಲಿಕ್ವಿಡ್ ಪ್ಯಾರಾಫಿನ್ ಸೇರಿಸಿ, ಬಿಸಿನೀರಿನ ಪಾತ್ರೆಯಲ್ಲಿ ಬಟ್ಟಲಿಟ್ಟು ಕರಗಿಸಿ ಆರಿಸಿದರೆ ಮುಲಾಮಿನಂತಾಗುತ್ತದೆ. ಅಲಗನ್ನು ಬಿಸಿಲಿನಲ್ಲಿಟ್ಟು ಬೆಚ್ಚಗೆ ಮಾಡಿ, ಬೆರಳಿನಿಂದ ತೆಳ್ಳಗೆ ಹಚ್ಚಿ, ಬಟ್ಟೆಯಿಂದ ಒರೆಸಿಬಿಡಿ. ಕಣ್ಣಿಗೆ ಕಾಣುವಷ್ಟು ಉಳಿದರೆ ಅದು ಧೂಳು ಹಿಡಿಯುವ ಅಂಟು.

ಚರ್ಮದ ಒರೆಯಲ್ಲಿ ಮಾತ್ರ ಇಡಬೇಡಿ. ಮಳೆಗಾಲದಲ್ಲಿ ಚರ್ಮ ತೇವ ಕುಡಿದು ಅಲಗನ್ನು ತಬ್ಬಿಕೊಂಡಿರುತ್ತದೆ. ಗಾಳಿಯ ಸಾಪೇಕ್ಷ ತೇವಾಂಶ ಶೇ. 60 ದಾಟಿತೆಂದರೆ ಬತ್ತಲೆ ಉಕ್ಕಿಗೆ ತುಕ್ಕು ಚುರುಕಾಗುತ್ತದೆ, ಜುಲೈನಲ್ಲಿ ಮಲೆನಾಡಿನ ಮನೆಯೊಳಗೆ ಅದಕ್ಕಿಂತ ಕೆಳಗಿಳಿಯುವ ದಿನವೇ ಇರದು. ನಮ್ಮ ಹಿರಿಯರು ಕತ್ತಿಯನ್ನು ಸೊಂಟದ ಕೊಕ್ಕೆಯಲ್ಲಿ ಬಯಲಾಗಿ ತೂಗಿಸಿಕೊಂಡು, ಮನೆಗೆ ಬಂದ ಮೇಲೆ ಒಲೆಯ ಮೇಲಿನ ಅಟ್ಟದ ಬಳಿ ಸಿಕ್ಕಿಸುತ್ತಿದ್ದುದನ್ನು ನೆನಪಿಸಿಕೊಳ್ಳಿ. ಆ ಮೂಲೆ ಮನೆಯಲ್ಲೆಲ್ಲ ಒಣಗಿದ ಜಾಗ.

ತೀರ್ಥಹಳ್ಳಿ ತೋಟಿಗ · ಸೆಪ್ಟೆಂಬರ್ 21

ಮೂರೂವರೆ ತಿಂಗಳು ಕಳೆದವು, ವರದಿ ಒಪ್ಪಿಸುತ್ತಿದ್ದೇನೆ. ಗ್ರೈಂಡರಿನ ಗೆರೆಗಳನ್ನು 600ರವರೆಗೆ ಕೈಯಲ್ಲೇ ತಿಕ್ಕಿ ತೆಗೆದೆ. ನಾಲ್ಕು ಸಂಜೆಗಳ ಕೆಲಸ, ಹೆಬ್ಬೆರಳಿನಲ್ಲಿ ಬೊಕ್ಕೆ. ವಿನಿಗರ್ ಬಿಟ್ಟು, ಹಳೆಯ ಅಡಿಕೆ ಚೊಗರನ್ನು (ಅಡಿಕೆ ಬೇಯಿಸಿದ ಒಗರು ನೀರನ್ನು) ಬಿಸಿಮಾಡಿ ಬಟ್ಟೆಯಿಂದ ಹಚ್ಚಿದೆ. ಬಣ್ಣ ಒಂದೇ ಸಲಕ್ಕೆ ಬರಲಿಲ್ಲ, ಮೂರನೆಯ ದಿನಕ್ಕೆ ನೇರಳೆಹಣ್ಣಿನ ಕಪ್ಪು ಬಂತು. ತುದಿಯನ್ನು ಅರ ಕಚ್ಚಿತು, ಹಾಗೆಯೇ ಬಳಸುತ್ತಿದ್ದೇನೆ. ದಿನವೂ ಸಂಜೆ ಒರೆಸಿ ಹೊಲಿಗೆಯಂತ್ರದ ಎಣ್ಣೆ ಹಚ್ಚಿ ಅಟ್ಟದ ಕೆಳಗೆ ತೂಗುಹಾಕಿದೆ. ಎರಡು ಸಲ ಮರೆತೆ, ಎರಡೂ ಸಲ ಮರುದಿನ ಕಂಡ ಕೆಂಪು ಮಬ್ಬು ಎಣ್ಣೆಬಟ್ಟೆಗೇ ಹೋಯಿತು. ಅಲಗಿನ ಮೈಯಲ್ಲಿ ಹೊಸ ಕುಳಿ ಒಂದೂ ಬಿದ್ದಿಲ್ಲ.

ಆದರೆ ನಿನ್ನೆ ಯಾಕೋ ಅನುಮಾನ ಬಂದು ಹಿಡಿಯ ಮೂರು ತಿರುಪುಗಳನ್ನು ಬಿಚ್ಚಿದೆ. ಎರಡು ಚಕ್ಕೆಗಳ ನಡುವಿನ ಉಕ್ಕಿನಲ್ಲಿ, ನಾನು ಎಣ್ಣೆ ಮುಟ್ಟಿಸದೆಯೇ ಮುಚ್ಚಿಟ್ಟಿದ್ದ ಜಾಗದಲ್ಲಿ, ಒದ್ದೆ ಅರಿಶಿನದಂತಹ ತುಕ್ಕು ಎರಡೂ ಬದಿಗೆ ಹಬ್ಬಿತ್ತು.

ಲೇತ್ ಶೆಡ್ · ಸೆಪ್ಟೆಂಬರ್ 21

ಅದನ್ನು ಹೇಳಲು ಮರೆತದ್ದು ನನ್ನ ತಪ್ಪು. ಕೆರೆದು, ಒರೆಸಿ, ಹಿಡಿಯ ಒಳಗಿನ ಉಕ್ಕಿಗೆ ಆ ಜೇನುಮೇಣದ ಮುಲಾಮನ್ನು ದಪ್ಪಗೆ ಮೆತ್ತಿ ಮುಚ್ಚಿ. ಅಲ್ಲಿ ಧೂಳಿನ ಭಯವಿಲ್ಲ, ಆದ್ದರಿಂದ ಹೆಚ್ಚಾದರೂ ಅಡ್ಡಿಯಿಲ್ಲ. ತಿರುಪಿನ ತೂತುಗಳಿಗೂ ಸ್ವಲ್ಪ ತುಂಬಿ, ನೀರು ಒಳಗಿಳಿಯುವುದು ಅಲ್ಲಿಂದಲೇ.